ಕುಂಕುಮ ಹಚ್ಚಿದ ಪಿಸ್ತೂಲು

ಆ ಆಯುಧಪೂಜೆಗೆ ನಾನು ತೆತ್ತದ್ದು ಎಡಗೈಯ ಎರಡು ಬೆರಳು. ನನ್ನ ಅಂಗಡಿಯ ಕೆಲಸಗಾರ ಮುನಿಯಾಂಡಿ ತೆತ್ತದ್ದು ಬಲಗೈಯ ಶಕ್ತಿ. ಕಾರಣ, ಒಂದಿಷ್ಟು ಕುಂಕುಮ.

ಫುಟ್‌ಪಾತಿನಲ್ಲಿ ವಾಚು ಮಾರಿ ಮೇಲೆ ಬಂದವನು ನಾನು. ಆಗ ನಿಲಾಯ್‌ನಲ್ಲಿ ನನ್ನ ಚಿನ್ನದಂಗಡಿಗೆ ಹದಿನೆಂಟು ವರ್ಷ. ಮಲೇಷ್ಯಾದಲ್ಲಿ ಪಿಸ್ತೂಲಿನ ಲೈಸೆನ್ಸ್ ಸಿಗುವುದು ಬಲು ಅಪರೂಪ, ನನಗೆ ಸಿಕ್ಕಿತ್ತು. ನೆಟ್ಟಗೆ ಬಾಳುವ ಪ್ರತಿ ಅಂಗಡಿಕಾರನಿಗೂ ಸಿಗಬೇಕೆಂದು ವರ್ತಕರ ಸಹಿ ಕೂಡಿಸಿ, ಮನವಿ ಹಿಡಿದು ಪುತ್ರಜಯಾದ ಸರ್ಕಾರಿ ಕಚೇರಿಗಳನ್ನು ಅಲೆಯುತ್ತಿದ್ದೆ. "ಪೊಲೀಸರಿಗಿಂತ ಮೊದಲು ಪಾರಂಗ್ ಬರುತ್ತದೆ" ಎಂಬುದು ನನ್ನ ಭಾಷಣದ ಮೊದಲ ಸಾಲು. ಪಾರಂಗ್ ಎಂದರೆ ಇಲ್ಲಿನ ಉದ್ದನೆಯ ಮಚ್ಚು.

ಹಬ್ಬದ ಬೆಳಿಗ್ಗೆ ಶಟರ್ ಅರ್ಧ ಎತ್ತಿ, ತಕ್ಕಡಿ, ಕತ್ತರಿಗಳ ಜೊತೆ ಪಿಸ್ತೂಲನ್ನೂ ಮಣೆಯ ಮೇಲಿಟ್ಟೆ. ಗುಂಡುಗಳಿರುವ ಮ್ಯಾಗಜೀನನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಗುಂಡನ್ನು ನಳಿಗೆಗೆ ದೂಡುವ ಮೇಲಿನ ಸ್ಲೈಡ್‌ಗೆ ಕಲಸಿದ ಅರಿಶಿನ-ಕುಂಕುಮವನ್ನು ಧಾರಾಳವಾಗಿ ಬಳಿದೆ.

"ಬಾಸ್, ಅದನ್ನ ಸೊಂಟದಲ್ಲೇ ಇಟ್ಕೊಳ್ಳಿ ಲಾ. ದೇವರು ಕೇಳಿದ್ರಾ?" ಎಂದ ಮುನಿಯಾಂಡಿ, ಇಲ್ಲಿನವರ ಮಾತಿನ ಆ "ಲಾ" ಸೇರಿಸಿ.

"ಸುಮ್ನಿರೋ ಮುನಿ. ವರ್ಷಕ್ಕೊಂದಿನ ಅದಕ್ಕೂ ಪೂಜೆ ಬೇಡ್ವಾ?"

ನನ್ನ ಹೆಂಡತಿ ಸುಮತಿ ಆರತಿ ಎತ್ತುವಾಗ ಹೆಲ್ಮೆಟ್ ಹಾಕಿದ ಇಬ್ಬರು ಶಟರ್ ಕೆಳಗಿಂದ ನುಗ್ಗಿದರು. ಒಬ್ಬ ಸುಮತಿಯ ಜಡೆ ಹಿಡಿದೆಳೆದು ಕುತ್ತಿಗೆಗೆ ಪಾರಂಗ್ ಒತ್ತಿದ. ರಕ್ತದ ಗೆರೆ ಮೂಡಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಚೌಕಾಸಿ. "ಚಿನ್ನದ ಟ್ರೇಗಳೆಲ್ಲ ನಿಮ್ಮವು, ಅವಳನ್ನು ಬಿಡು" ಎಂದೆ ಮಲಯ ಭಾಷೆಯಲ್ಲಿ. ಅವನು ಒಪ್ಪಿದ. ಜಡೆ ಬಿಟ್ಟು ಅವಳನ್ನು ಪಕ್ಕಕ್ಕೆ ತಳ್ಳಿದ. ಅವನ ಜೊತೆಗಾರ ಟ್ರೇಗೆ ಕೈ ಹಾಕಿದ.

ವ್ಯಾಪಾರ ಅಲ್ಲಿಗೆ ಕುದುರಿತ್ತು. ಮುರಿದವನು ನಾನು. ಪಿಸ್ತೂಲಿಗೆ ಹಾರಿ, ಮ್ಯಾಗಜೀನ್ ತುರುಕಿ ಸ್ಲೈಡ್ ಎಳೆದೆ. ಒಣಗಿದ ಕುಂಕುಮ ಕಚ್ಚಿಕೊಂಡು ಅದು ಅರ್ಧಕ್ಕೇ ನಿಂತಿತು. ಪಾರಂಗ್ ಹಿಡಿದವನು ಬೀಸಿದ. ನನ್ನ ಎರಡು ಬೆರಳು ಚೆಂಡುಹೂವಿನ ಮೇಲೆ ಬಿದ್ದವು. ಎರಡನೆಯ ಏಟು ನನ್ನ ಕುತ್ತಿಗೆಗೆ ಬರುವಾಗ ಮುನಿಯಾಂಡಿ ಭುಜ ಅಡ್ಡ ಕೊಟ್ಟ. ಮೂಳೆ ಸೀಳಿದ ಸದ್ದು ಕೇಳಿಸಿತು. ಬೀಳುವ ಮುನ್ನ ಅವನು ಒಡೆಯಲೆಂದು ಇಟ್ಟಿದ್ದ ಬೂದುಗುಂಬಳವನ್ನು ಎಡಗೈಯಲ್ಲೆತ್ತಿ ಹೆಲ್ಮೆಟ್ಟಿನ ಮೇಲೆ ಅಪ್ಪಳಿಸಿದ. ಕಳ್ಳ ಕುಸಿದ, ಜೊತೆಗಾರ ಒಂದು ಟ್ರೇ ಹೊತ್ತು ಓಡಿದ. ನೆಲವೆಲ್ಲ ಕೆಂಪು. ಕಾಯಿಯೊಳಗಿನ ಕುಂಕುಮ ಯಾವುದು, ರಕ್ತ ಯಾವುದು, ತಿಳಿಯಲಿಲ್ಲ.

ಸುಮತಿ ಅವನ ಗಾಯಕ್ಕೆ ಸೆರಗು ಒತ್ತಿ ಹಿಡಿದು, "ಮುನಿ, ಕಣ್ಣು ಮುಚ್ಬೇಡ!" ಎಂದು ಕಿರುಚುತ್ತಿದ್ದಳು.

"ಅಕ್ಕಾ, ಕಾಯಿ ಬಾಗಿಲಲ್ಲಿ ಒಡೀಬೇಕಿತ್ತು, ಇಲ್ಲೇ ಒಡೆದ್ಬಿಟ್ಟೆ" ಎಂದ ಅವನು.

ಮುನಿಯಾಂಡಿ ಬದುಕಿದ. ಬಲಗೈ ಇಂದಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ನಾನು ಮನವಿ ನಿಲ್ಲಿಸಲಿಲ್ಲ. ಮುಂದಿನ ಬಾರಿ ಹೋದಾಗ ಅಧಿಕಾರಿ ನನ್ನ ಕೈ ನೋಡಿ, "ಪಿಸ್ತೂಲು ಇತ್ತಲ್ಲವೇ?" ಎಂದು ಕೇಳಿದರು. "ಇತ್ತು ಸಾರ್. ಬುದ್ಧಿ ಇರಲಿಲ್ಲ" ಎಂದೆ. ತರಬೇತಿ ಇಲ್ಲದವನಿಗೆ ಲೈಸೆನ್ಸ್ ಬೇಡವೆಂಬ ಸಾಲನ್ನು ಅಂದೇ ಮನವಿಗೆ ಸೇರಿಸಿದೆ.

ನಿಮ್ಮ ಬಳಿ ಲೈಸೆನ್ಸ್ ಇದ್ದರೆ ಕೇಳಿ. ಪೂಜೆಗೆ ಮೊದಲು ಶಟರ್ ಪೂರ್ತಿ ಇಳಿಸಿ. ಪಿಸ್ತೂಲು ಸೊಂಟದಲ್ಲಿರಲಿ, ಅಕ್ಷತೆಯನ್ನು ಅದರ ಖಾಲಿ ಡಬ್ಬಿಗೆ ಹಾಕಿದರೆ ಸಾಕು. ಕಳ್ಳ ಟ್ರೇಗೆ ಒಪ್ಪಿದರೆ ಕೊಟ್ಟು ಕೈ ಕಟ್ಟಿ ನಿಲ್ಲಿ. ಕಟ್ಟಲು ಹತ್ತು ಬೆರಳೂ ಉಳಿದಿರುತ್ತವೆ.