ಬೋರಲು ಹಾಕದ ಕಲ್ಲು

ರಾವೂರಿನ ಮಜೀದಸಾಬನ ಮನೆಗೆ ಬಂದವರು, ತಾವು ಎಂತೆಂಥ ದೊಡ್ಡವರನ್ನು ತುಳಿದುಕೊಂಡು ಒಳಗೆ ಬಂದೆವೆಂದು ತಿಳಿದರೆ ಬೆಚ್ಚಿಬೀಳುತ್ತಾರೆ. ಕಲ್ಲಿನ ಮೇಲೆ ಹೆಸರು ಕೆತ್ತುವುದು ಅವನ ಕಸುಬು. ತಾರೀಖು ಮುಂದೆ ಹೋದ ಉದ್ಘಾಟನೆಯ ಕಲ್ಲು, ಕುರ್ಚಿ ಕಳಕೊಂಡ ಅಧ್ಯಕ್ಷರ ಕಲ್ಲು, ಹೀಗೆ ಯಾರಿಗೂ ಬೇಡವಾದ ಪರ್ಸಿ ಚಪ್ಪಡಿಗಳನ್ನೆಲ್ಲ ಬೋರಲು ಹಾಕಿ ಪಡಸಾಲೆಗೆ ಹಾಸಿಕೊಂಡಿದ್ದಾನೆ. ಹೆಂಡತಿ ಅಮೀರ್ಬೀ ದಿನಾ ಬೆಳಿಗ್ಗೆ ಅಷ್ಟೂ ಗಣ್ಯರ ಬೆನ್ನು ಒರೆಸುತ್ತಾಳೆ.

ನಲವತ್ತೈದು ವರ್ಷದ ಹಿಂದೆ ಇದೇ ಮಜೀದಸಾಬ ಖಣಿಯಲ್ಲಿ ಕಲ್ಲು ಹೊರುವ ಆಳು, ಅಕ್ಷರದ ಗಂಧವಿಲ್ಲ. ಜೊತೆಗಾರ ರಾಜರತ್ನನೂ ಕಲ್ಲು ಒಡೆಯುವವನೇ. ಆದರೆ ಅವನು ಚಿತ್ತಾಪುರದ ಗ್ರಂಥಾಲಯದಿಂದ ಪುಸ್ತಕ ತಂದು, ಊಟದ ಬಿಡುವಿನಲ್ಲಿ ಬೇವಿನ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಅರಮನೆ ಬಿಟ್ಟ ರಾಜಕುಮಾರರು, ಕಡಲು ದಾಟಿದ ಶೂರರು, ಸುಖವೆಂದರೇನು ಎಂದು ಜಗಳಾಡುವ ಜ್ಞಾನಿಗಳು. ರೊಟ್ಟಿ ಕೈಯಲ್ಲೇ ಒಣಗುತ್ತಿತ್ತು. ಪ್ರತಿ ಕಥೆಯಲ್ಲೂ ನಾಯಕ ಊರು ಬಿಡುತ್ತಿದ್ದ. ಊರು ಬಿಡದವನು ನಾಯಕನಾಗುವುದೇ ಇಲ್ಲವೇ ಎಂದು ಮಜೀದಸಾಬ ಕೇಳಿದರೆ, ಮುಂದಿನ ಪುಸ್ತಕದಲ್ಲಿ ನೋಡೋಣ ಎನ್ನುತ್ತಿದ್ದ ರಾಜರತ್ನ. ಅಂಥ ಪುಸ್ತಕ ಸಿಗಲೇ ಇಲ್ಲ. ಅದೇ ಕಟ್ಟೆಯ ಮೇಲೆ, ಪರ್ಸಿಯನ್ನೇ ಪಾಟಿ ಮಾಡಿ, ಸುಣ್ಣದ ಹೆಂಟೆಯಿಂದ ಬರೆಸಿ ಅವನಿಗೆ ಅಕ್ಷರ ಕಲಿಸಿದವನೂ ರಾಜರತ್ನನೇ. ಆ ಮಧ್ಯಾಹ್ನಗಳನ್ನು ನೆನೆದರೆ ಮಜೀದಸಾಬನಿಗೆ ಈಗಲೂ ಎದೆ ತುಂಬುತ್ತದೆ.

ಹೋದ ವರ್ಷ ಹಳೆ ವಿದ್ಯಾರ್ಥಿಗಳ ಸಂಘದವರು, ಊರಿನ ಸಾಧಕರ ಕಲ್ಲು ಮಾಡಿಕೊಡು ಎಂದು ಚೀಟಿ ತಂದರು. ಹನ್ನೊಂದು ಹೆಸರು. ಹನ್ನೊಂದೂ ಊರು ಬಿಟ್ಟು ಮೇಲೆ ಬಂದವರವು. ರಾಜರತ್ನನ ಹೆಸರು ಯಾಕಿಲ್ಲ ಎಂದು ಮಜೀದಸಾಬ ಕೇಳಿದ. ಅವನೇನು ಸಾಧಿಸಿದ, ಇಲ್ಲೇ ಇದ್ದಾನಲ್ಲ ಎಂದು ನಕ್ಕರು. ಚೀಟಿಯಲ್ಲಿಲ್ಲದ ಒಂದು ಚುಕ್ಕೆಯನ್ನೂ ಎಂದೂ ಕೆತ್ತದ ಮನುಷ್ಯ, ಅಂದು ಹನ್ನೊಂದರ ಕೆಳಗೆ ಹನ್ನೆರಡನೆಯದನ್ನೂ ಕೆತ್ತಿಬಿಟ್ಟ.

ಸಂಘದವರು ಕೆಂಡವಾದರು. ಶಹಾಬಾದಕ್ಕೆ ಹೋಗಿ ಬೇರೆ ಕಲ್ಲು ಮಾಡಿಸಿಕೊಂಡರು. ಬಾಗಿಲ ಬಳಿ ಇನ್ನೊಂದಕ್ಕೆ ಜಾಗವಿದೆ ಎಂದಳು ಅಮೀರ್ಬೀ. ಮಜೀದಸಾಬನಿಗೆ ಮಾತ್ರ ಅಕ್ಷರ ಕಲಿಸಿದವನ ಹೆಸರನ್ನು ಮಣ್ಣಿಗೆ ಮುಖಮಾಡಿ ಮಲಗಿಸುವ ಮನಸ್ಸಾಗಲಿಲ್ಲ. ಬಂಡಿಯಲ್ಲಿ ಹಾಕಿಕೊಂಡು ಹೋಗಿ, ಹಳೆಯ ಬೇವಿನ ಕಟ್ಟೆಯ ಮೇಲೆ ಹೆಸರು ಮೇಲಾಗಿ ಕೂರಿಸಿದ. ಆಮೇಲೆ ರಾಜರತ್ನನನ್ನು ಕರೆದುಕೊಂಡು ಬಂದ.

ಕೋಲೂರಿಕೊಂಡು ಬಂದ ರಾಜರತ್ನ ಒಂದೊಂದೇ ಹೆಸರು ಓದುತ್ತ ಕೆಳಗಿಳಿದ. ಕೊನೆಯದರ ಹತ್ತಿರ ನಿಂತ.

“‘ರ’ ಭಾಳ ಛಲೋ ಬಂದದ,” ಎಂದ. “ಇದೊಂದ ಅಕ್ಷರಕ್ಕ ನೀ ಹದಿನೈದು ದಿನ ತಗೊಂಡಿದ್ದಿ.”

ಮಜೀದಸಾಬ ಆ ಹೆಸರಿನತ್ತ ಬೆರಳು ತೋರಿಸಿದ. “ಊರ ಬಿಡದವನ ಪುಸ್ತಕ ನಿನಗ ಸಿಗಲಿಲ್ಲ. ಅದಕ್ಕ ಒಂದ ಸಾಲು ನಾನೇ ಬರದೀನಿ.”

ರಾಜರತ್ನ ಅಂಗೈಯಿಂದ ಕಲ್ಲಿನ ಧೂಳು ಒರೆಸಿದ. ಕಡೆಗೆ, ಅಂದಿನ ಮೇಷ್ಟರ ದನಿಯಲ್ಲೇ ಹೇಳಿದ: “ಬೋರಲ ಹಾಕು. ಕುಂದ್ರವರಿಗಿ ಚುಚ್ಚತದ.”

ರಾಜರತ್ನ ಹೇಳಿದ್ದನ್ನು ಮಜೀದಸಾಬ ಜೀವಮಾನದಲ್ಲಿ ಮೀರಿದವನಲ್ಲ. ಆದರೆ ಆ ಕಲ್ಲು ಇವತ್ತಿಗೂ ಹೆಸರು ಮೇಲಾಗಿಯೇ ಇದೆ.