ಹೊಡೆದುಹಾಕಿದ ಎರಡು ನಕ್ಷತ್ರಗಳು

ಎಂಬತ್ತರ ದಶಕದ ಒಂದು ಭಾನುವಾರ ಬೆಳಿಗ್ಗೆ, ತಮಿಳು ಸೀಮೆಯ ಕುರಿಚಿಯಲ್ಲಿದ್ದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಎರಡು ನಕ್ಷತ್ರಗಳನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿದೆ. ಮಾರನೆಯ ದಿನ ನನ್ನ ಎಂ.ಫಿಲ್. ಪ್ರಬಂಧಕ್ಕೆ ಗೈಡ್ ಸಹಿ ಹಾಕಬೇಕಿತ್ತು. ಲೆಕ್ಕ ಮಾತ್ರ ಹಟ ಹಿಡಿದು ಕೂತಿತ್ತು.

ವಿಷಯ ಇಷ್ಟೆ. ನಮ್ಮ ಹಾಲುಹಾದಿಯ ನೆರೆಯಲ್ಲೊಂದು ಕುಬ್ಜ ಗೆಲಾಕ್ಸಿ. ದೊಡ್ಡ ದೂರದರ್ಶಕದಲ್ಲೂ ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ಅದರೊಳಗಿನ ಬೆರಳೆಣಿಕೆಯ ನಕ್ಷತ್ರಗಳ ವೇಗವನ್ನು ಯಾರೋ ಅಳೆದಿದ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬಂದ ವಿದೇಶಿ ವಿಜ್ಞಾನ ಪತ್ರಿಕೆಯಿಂದ ಆ ಅಂಕಿಗಳನ್ನು ನಾನು ಇಳಿಸಿಕೊಂಡಿದ್ದೆ. ನಕ್ಷತ್ರಗಳು ಎಷ್ಟು ಬಿರುಸಾಗಿ ಓಡಾಡುತ್ತವೆಯೋ, ಅವು ಚದುರಿಹೋಗದಂತೆ ಹಿಡಿದಿಡಲು ಅಷ್ಟು ಹೆಚ್ಚು ಭಾರ ಬೇಕು. ಓಟವನ್ನು ನೋಡಿ ಭಾರವನ್ನು ಕಂಡುಹಿಡಿಯುವುದು ನನ್ನ ಕೆಲಸ. ಯಾರೂ ಎಂದೂ ಹೋಗಲಾರದ ಜಾಗವನ್ನು ಜಗಲಿಯಲ್ಲಿ ಕೂತು ತೂಗುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಬಂದ ಉತ್ತರ ವಿಪರೀತವಾಗಿತ್ತು. ಕಾಣುವ ನಕ್ಷತ್ರಗಳನ್ನೆಲ್ಲ ಒಟ್ಟು ಹಾಕಿದರೂ ಅದರ ಹತ್ತಿರಕ್ಕೆ ಬರುತ್ತಿರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಎಲ್ಲಕ್ಕಿಂತ ಬಿರುಸಾಗಿ ಓಡುವ ಎರಡನ್ನು ಕೈಬಿಟ್ಟರೆ ಲೆಕ್ಕ ತೆಪ್ಪಗಾಗುತ್ತಿತ್ತು. ಅವುಗಳ ಪಕ್ಕದಲ್ಲಿ ಜೊತೆ ನಕ್ಷತ್ರವಿದ್ದು ಎಳೆದಾಡುತ್ತಿರಬಹುದು ಎಂಬ ನೆಪವೂ ಸಿಕ್ಕಿತು. ನೆಪ ಹುಡುಕುವುದರಲ್ಲಿ ನಾನೇನೂ ಕಡಿಮೆಯಿರಲಿಲ್ಲ.

ಕಾಫಿ ಲೋಟ ಹಿಡಿದು ಅಪ್ಪ ಬಂದರು. ಅವರು ಪಂಪುಗಳನ್ನು ಎರಕ ಹೊಯ್ಯುವ ಫೌಂಡ್ರಿಯಲ್ಲಿ ಫೋರ್‌ಮನ್. ಮನೆಮಾತು ಕನ್ನಡವಾದರೂ ಅದರ ಅಕ್ಷರ ಓದಲು ಬಾರದು; ನಾವಾಡುವ ಆ ಕನ್ನಡದಲ್ಲೂ ತಮಿಳು ಬೆರೆತು, ಲೆಕ್ಕ 'ಕಣಕ್ಕು' ಆಗಿತ್ತು, ಕಬ್ಬಿಣ 'ಇರುಂಬು' ಆಗಿತ್ತು. ಅಂಕಿ ಕಂಡರೆ ಮಾತ್ರ ಬಿಡುತ್ತಿರಲಿಲ್ಲ.

"ಈ ಎರಡ್ನ ಯಾಕಮ್ಮ ಹೊಡ್ದಾಕ್ದೆ?"

"ಕಣಕ್ಕು ಸರಿ ಬರ್ಲಿಲ್ಲಪ್ಪ. ಇರ್ಬೇಕಾದ್ದಕ್ಕಿಂತ ಭಾರ ಜಾಸ್ತಿ ಬತ್ತದೆ."

ಅಪ್ಪ ಲೋಟ ಕೆಳಗಿಟ್ಟರು. "ನಾನೂ ಒಂದ್ ದಪ ಹಿಂಗೇ ಮಾಡ್ದೆ. ಪಂಪ್ ಬಾಡಿ ಒಂದು ತೂಕ ಜಾಸ್ತಿ ತೋರಿಸ್ತು. ತಕ್ಕಡಿ ಕೆಟ್ಟೋಗಿರ್ಬೇಕು ಅಂತ, ಯಾವಾಗ್ಲೂ ಬರೋ ತೂಕಾನೇ ಬರ್ದು ಕಳ್ಸ್ಬುಟ್ಟೆ. ಅದನ್ನ ಕೂರಿಸಿದ್ ಮೆಟ್ಟುಪಾಳ್ಯಂ ತೋಟದಲ್ಲಿ ನೀರೇ ಏರ್ಲಿಲ್ಲ. ಒಡ್ದು ನೋಡಿದ್ರೆ, ಎರಕ ಹೊಯ್ಯೋವಾಗ್ಲೇ ಒಳಗಿದ್ದ ಮಣ್ಣಿನ ಅಚ್ಚು ಮುರ್ದು, ನೀರು ಹೋಗೋ ದಾರಿಯೆಲ್ಲಾ ಇರುಂಬು ತುಂಬ್ಕೊಂಡಿತ್ತು. ತಕ್ಕಡಿ ನಿಜಾನೇ ಹೇಳಿತ್ತು."

ಹೊರಗಿನಿಂದ ನೋಡಿದವರಿಗೆ ಒಳಗಿನ ಕಬ್ಬಿಣ ಕಾಣುವುದಾದರೂ ಹೇಗೆ? ನಾನು ಹಾಳೆಯ ಕಡೆ ನೋಡಿದೆ. ಆ ಎರಡು ನಕ್ಷತ್ರಗಳು ಹೇಳುತ್ತಿರುವುದು ನಿಜವೇ ಆಗಿದ್ದರೆ, ಆ ಗೆಲಾಕ್ಸಿಯ ಬಹುಪಾಲು ಬೆಳಕೇ ಇಲ್ಲದ ಏನೋ ಒಂದು. ನಾವು ನೋಡುತ್ತಿರುವುದು ಅಲ್ಲಲ್ಲಿ ಉಳಿದ ನಾಲ್ಕು ಕಿಡಿಗಳನ್ನು ಮಾತ್ರ. ನನಗೆ ನಿಜಕ್ಕೂ ಭಯವಾಯಿತು, ಜೊತೆಗೆ ಹೇಳಲಾಗದಂಥ ಸಂತೋಷವೂ ಆಯಿತು. ರಬ್ಬರಿನಿಂದ ಎರಡೂ ಗೆರೆಗಳನ್ನು ಅಳಿಸಿದೆ. ಜೊತೆ ನಕ್ಷತ್ರದ ಅನುಮಾನವನ್ನು ಕೆಳಗೆ ಬೇರೆಯಾಗಿ ಬರೆದೆ.

ಸೋಮವಾರ ಗೈಡ್ ಉತ್ತರದ ಮೇಲೆ ಬೆರಳಿಟ್ಟರು. ನನ್ನ ಎರಡು ವರ್ಷದ ಕೆಲಸ ಆ ಬೆರಳಿನ ಕೆಳಗಿತ್ತು. "ಇದನ್ನು ನಾನು ನಂಬುವುದಿಲ್ಲ," ಎಂದು ತಮಿಳಿನಲ್ಲಿ ಹೇಳಿದರು. "ಆದರೆ ನೀನು ಏನನ್ನೂ ಮುಚ್ಚಿಟ್ಟಿಲ್ಲ." ಸಹಿ ಹಾಕಿದರು.

ಸಂಜೆ ಕೆಲಸ ಮುಗಿಸಿ ಬಂದ ಅಪ್ಪ ಸೈಕಲ್ ನಿಲ್ಲಿಸುವ ಮೊದಲೇ ಕೇಳಿದರು. "ಒಳಗೆ ಏನ್ ತುಂಬ್ಕೊಂಡಿದೆ ಅಂದ್ರು?"

"ಯಾರ್ಗೂ ಗೊತ್ತಿಲ್ಲಪ್ಪ."

ಅಪ್ಪ ಸೈಕಲ್ ಹಿಡಿದುಕೊಂಡೇ ತಲೆಯೆತ್ತಿ, ಇನ್ನೂ ಒಂದು ಚುಕ್ಕಿಯೂ ಮೂಡದ ಆಕಾಶವನ್ನು ನೋಡುತ್ತ ನಿಂತರು.

"ಅದನ್ನ ಒಡ್ದು ನೋಡೋಕೂ ಆಗಲ್ವಲ್ಲಮ್ಮ," ಎಂದರು.