ಫೆದೇಲೆ ಹೂತಿಟ್ಟ ಕವಲು

ಬೆಳಿಗ್ಗೆ ಕಾಫಿಗೆ ನೀರಿಡುವ ಮುಂಚೆ ಬೊನಾರಿಯಾ ನೆಲಮಾಳಿಗೆಗೆ ಇಳಿದು ವೈನಿನ ಪೀಪಾಯಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ಬರುತ್ತಾಳೆ. ಜ್ವರವಿದ್ದರೂ ಬಿಡುವುದಿಲ್ಲ. ಕೊನೆಯಲ್ಲಿರುವ ದೊಡ್ಡ ಪೀಪಾಯಿ ಈಗ ಖಾಲಿ. ಅದನ್ನೂ ತಟ್ಟುತ್ತಾಳೆ.

"ಖಾಲಿಯದ್ದನ್ನ ಏನು ತಟ್ಟೋದು ಅಕ್ಕಾ?" ಎಂದು ಒಮ್ಮೆ ಕೇಳಿದೆ. ನಾನು ಅವಳ ಪಕ್ಕದ ಮನೆಯವಳು.

"ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?"

ಇಟಲಿಗೆ ಸೇರಿದ ನಮ್ಮ ಸಾರ್ಡೀನಿಯ ದ್ವೀಪದ ಕಡಲಂಚಿನ ಮರಳಿನಲ್ಲಿ ಅವಳ ಗಂಡ ಫೆದೇಲೆಯ ಅಜ್ಜ ನೆಟ್ಟ ಒಂದು ಸಾಲು ದ್ರಾಕ್ಷಿ ಇದೆ. ಆ ಮುದಿ ಬಳ್ಳಿಗಳ ಕೆಂಪು ವೈನಿನಿಂದ ಮೊದಲೆಲ್ಲ ದೊಡ್ಡ ಪೀಪಾಯಿ ತುಂಬುತ್ತಿತ್ತು. ಈ ವರ್ಷ ಚಿಕ್ಕದು ತುಂಬಿದ್ದೇ ಹೆಚ್ಚು.

ನಮ್ಮಲ್ಲಿ ಬಳ್ಳಿ ಸತ್ತರೆ ಹೊಸ ಸಸಿ ತರುವುದಿಲ್ಲ. ಪಕ್ಕದ ಬಳ್ಳಿಯ ಉದ್ದನೆಯ ಕವಲನ್ನು ಬಗ್ಗಿಸಿ ಮರಳಲ್ಲಿ ಹೂತು, ತುದಿಯನ್ನು ಖಾಲಿ ಜಾಗದಲ್ಲಿ ಮೇಲೆತ್ತುತ್ತೇವೆ. ತನ್ನದೇ ಬೇರು ಬಿಡುವ ತನಕ ಅದು ತಾಯಿಯ ಹಾಲು ಕುಡಿಯುತ್ತದೆ. ಮೂರನೆಯ ಚಳಿಗಾಲಕ್ಕೆ ತಾಯಿಯಿಂದ ಕತ್ತರಿಸಿ ಬಿಡಿಸಬೇಕು. ಇಲ್ಲದಿದ್ದರೆ ತಾಯಿ ಸೊರಗುತ್ತಾಳೆ.

ಫೆದೇಲೆ ತೀರಿಕೊಂಡ ವರ್ಷ, ಕೆಮ್ಮುತ್ತಲೇ, ಆ ಸಾಲಿನ ಖಾಲಿ ಜಾಗಗಳಿಗೆಲ್ಲ ಕವಲು ಹೂತಿದ್ದ. ಮೂರನೆಯ ಚಳಿಗಾಲ ಬಂದು ಹೋಯಿತು. ನಾಲ್ಕನೆಯದೂ ಹೋಯಿತು. ಬೊನಾರಿಯಾ ಕತ್ತರಿಸಲಿಲ್ಲ. ಅಲ್ಲಿ ಕೆಲಸವಿದ್ದಾಗಲೆಲ್ಲ ಅವಳಿಗೆ ಸೊಂಟನೋವು ಬರುತ್ತಿತ್ತು.

ಈ ಜನವರಿಯಲ್ಲಿ, ಸಂತ ಅಂತೋನಿಯ ಹಬ್ಬದ ಬೆಂಕಿಯ ಬೂದಿ ಚರ್ಚಿನ ಮುಂದೆ ಇನ್ನೂ ಬಿದ್ದಿರುವಾಗಲೇ, ಬಳ್ಳಿ ಸವರಲು ಹೋದೆವು. ಫೆದೇಲೆಯ ತಮ್ಮನ ಮಗ ಸಿಸಿನ್ನಿಯೊ ಆ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ.

"ದೊಡ್ಡಮ್ಮ, ಬಾ ಇಲ್ಲಿ. ತಾಯಿ ನೋಡು, ಕಡ್ಡಿ ಆಗಿದಾಳೆ. ಮಗ ನೋಡು, ನಮ್ಮ ಪಾದ್ರಿಗಳ ಥರ ದುಂಡಗಿದಾನೆ."

"ಪಾದ್ರಿಗಳನ್ನ ಯಾಕೋ ಎಳೀತೀಯ?" ಎಂದೆ ನಾನು.

"ಸುಳ್ಳು ಹೇಳಿದ್ನಾ? ಇನ್ನೊಂದು ವರ್ಷ ಹಿಂಗೇ ಬಿಟ್ರೆ ಈ ಮುದುಕಿಯರು ಒಬ್ರೂ ಉಳಿಯಲ್ಲ. ಆಮೇಲೆ ಚಿಕ್ಕ ಪೀಪಾಯಿನೂ ಖಾಲಿ. ದಿನಾ ಎರಡನ್ನೂ ತಟ್ಕೊಂಡು ಕೂತ್ಕೋ."

ಬೊನಾರಿಯಾ ಮಂಡಿಯೂರಿ ಮರಳನ್ನು ಕೈಯಿಂದ ಬಗೆದಳು. ಕವಲು ಮೇಲೇಳದಿರಲೆಂದು ಫೆದೇಲೆ ಹೇರಿದ್ದ ಕಲ್ಲು ಸಿಕ್ಕಿತು. ಅದನ್ನು ತನ್ನ ತಲೆವಸ್ತ್ರದ ತುದಿಯಿಂದ ಒರೆಸಿದಳು.

"ಅವ್ರು ಕೊನೇಲಿ ಮಾಡಿದ ಕೆಲಸ ಕಣೋ ಇದು."

ಸಿಸಿನ್ನಿಯೊ ದನಿ ಇಳಿಸಿದ. "ಗೊತ್ತು ದೊಡ್ಡಮ್ಮ. ಅದಕ್ಕೇ ಹೇಳ್ತಿರೋದು, ನೀನು ಮನೆಗೆ ಹೋಗಿ ಕಾಫಿ ಕಾಯ್ಸು. ಅಷ್ಟರಲ್ಲಿ ನಾನೇ ಎಲ್ಲಾ ಕತ್ತರಿಸಿರ್ತೀನಿ. ನೀನು ನೋಡೋದೇ ಬೇಡ."

ನಾನು ಮನಸ್ಸಿನಲ್ಲೇ ಮಾತೆ ಮರಿಯಳನ್ನು ನೆನೆದೆ. ಬೊನಾರಿಯಾ ಕಲ್ಲನ್ನು ಜೇಬಿಗೆ ಹಾಕಿಕೊಂಡು ಕೈ ಚಾಚಿದಳು.

"ಬೇಡಪ್ಪ. ಹೂತಿಟ್ಟಿದ್ದು ನನ್ನ ಗಂಡ. ಕತ್ತರಿ ಇತ್ತ ಕೊಡು. ಕಾಫಿ ನೀನೇ ಹೋಗಿ ಕಾಯ್ಸು, ಸಕ್ಕರೆ ಸುರೀಬೇಡ."